ಎರೆಹುಳದ ಡಬ್ಬ ಇಡುವವರಿಗೆ ನಾನು ಹೇಳುವುದು

ಅಡುಗೆಮನೆಯ ಸಿಪ್ಪೆಯಿಂದ ಗೊಬ್ಬರ ಮಾಡಲು ಮನೆಯಲ್ಲೇ ಎರೆಹುಳ ಸಾಕಬೇಕು ಅಂತ ಬರುವವರೆಲ್ಲ ಮೊದಲು ಕೇಳುವುದು ಡಬ್ಬದ ಬಗ್ಗೆ. ಎಷ್ಟು ದೊಡ್ಡದಿರಬೇಕು, ಪ್ಲಾಸ್ಟಿಕ್ಕಾ ಮರದ್ದಾ, ಎಷ್ಟು ಅಂತಸ್ತಿನದು ತಗೊಳ್ಳಲಿ. ಆಮೇಲೆ ಕೇಳುವುದು ದಿನಕ್ಕೆ ಎಷ್ಟು ಸಿಪ್ಪೆ ಹಾಕಬಹುದು ಅಂತ. ಹುಳದ ಕೆಳಗೆ ಏನು ಹಾಸಬೇಕು ಅಂತ ಕೇಳುವವರು ಬಹಳ ಕಡಿಮೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಕ್ಕಾಲು ಪಾಲು ಅಲ್ಲೇ ಇದೆ. ಹಾಸು ಸರಿಯಿದ್ದರೆ ಹುಳ ತನ್ನ ಪಾಡಿಗೆ ತಾನು ಬದುಕುತ್ತದೆ. ಹಸಿವಿನಿಂದ ಸತ್ತ ಎರೆಹುಳವನ್ನು ನಾನು ಇನ್ನೂ ನೋಡಿಲ್ಲ. ಅತಿ ಉಪಚಾರ ಮಾಡಿ ಡಬ್ಬಕ್ಕೆ ಡಬ್ಬವೇ ಗಬ್ಬೆದ್ದು ಹೋಗಿದ್ದನ್ನು ಮಾತ್ರ ಬೇಕಾದಷ್ಟು ಕಡೆ ನೋಡಿದ್ದೇನೆ.

ನನ್ನ ಡಬ್ಬ ಇರುವುದು ಅಡುಗೆಮನೆಯ ಕಟ್ಟೆಯ ಕೆಳಗೆ. ಮನೆಗೆ ಬಂದವರಿಗೆ ನಾವು ಹೇಳಿದರೆ ಮಾತ್ರ ಗೊತ್ತಾಗುತ್ತದೆ. ವಾಸನೆ ಬರುವ ಹಾಗಿದ್ದರೆ ಅಲ್ಲಿ ಇಡಲು ನನ್ನನ್ನು ಯಾರೂ ಬಿಡುತ್ತಲೂ ಇರಲಿಲ್ಲ.

ಯಾವ ಹುಳ

ತೋಟ ಅಗೆಯುವಾಗ ಸಿಕ್ಕ ಹುಳವನ್ನು ತಂದು ಹಾಕಿದರೆ ಪ್ರಯೋಜನ ಇಲ್ಲ. ಅವುಗಳಲ್ಲಿ ಹೆಚ್ಚಿನವು ಮಣ್ಣಿನೊಳಗೆ ಬಿಲ ಮಾಡಿಕೊಂಡು, ಮಣ್ಣನ್ನೇ ನುಂಗುತ್ತಾ ಬದುಕುವ ಜಾತಿಯವು. ಡಬ್ಬದಲ್ಲಿ ಅವುಗಳಿಗೆ ಉಸಿರು ಕಟ್ಟಿದ ಹಾಗಾಗುತ್ತದೆ. ಒಂದೋ ತಪ್ಪಿಸಿಕೊಂಡು ಹೋಗುತ್ತವೆ, ಇಲ್ಲಾ ಸಾಯುತ್ತವೆ. ನಮಗೆ ಬೇಕಾಗಿರುವುದು ನೆಲದ ಮೇಲೆ, ಕೊಳೆಯುವ ಎಲೆ, ಸಗಣಿಯ ನಡುವೆ ಇರುವ ಜಾತಿ. ಅಂಥವು ಗುಂಪಾಗಿ ಇಕ್ಕಟ್ಟಿನಲ್ಲೇ ಖುಷಿಯಾಗಿರುತ್ತವೆ.

ಡಬ್ಬಕ್ಕೆ ಸಾಮಾನ್ಯವಾಗಿ ಬಳಸುವ ಜಾತಿಗಳು ಮೂರು. ಐಸೀನಿಯಾ ಫೆಟಿಡಾ ಅನ್ನುವ ಕೆಂಪು ಹುಳ ಎಲ್ಲಕ್ಕಿಂತ ಗಟ್ಟಿ ಜೀವ. ಮೈ ಮೇಲೆ ಕೆಂಪು ಮತ್ತು ಮಾಸಲು ಹಳದಿ ಪಟ್ಟೆ ಇರುತ್ತದೆ. ಶೇಖೆ, ಚಳಿ ಎರಡನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. 15ರಿಂದ 25 ಡಿಗ್ರಿ ಸೆಲ್ಸಿಯಸ್ ಇದ್ದರೆ ಚೆನ್ನಾಗಿ ತಿಂದು ಚೆನ್ನಾಗಿ ಮರಿ ಮಾಡುತ್ತದೆ. ಎರಡನೆಯದು ಯೂಡ್ರಿಲಸ್ ಯೂಜಿನಿಯೆ. ಇದು ಗಾತ್ರದಲ್ಲಿ ದೊಡ್ಡದು, ಹೊಟ್ಟೆಬಾಕ, ಬೆಚ್ಚಗಿನ ಜಾಗ ಬೇಕು, ಚಳಿ ಆಗುವುದಿಲ್ಲ. ಮೂರನೆಯದು ಪೆರಿಯೋನಿಕ್ಸ್ ಎಕ್ಸ್‌ಕವೇಟಸ್. ತೆಳ್ಳಗಿರುತ್ತದೆ, ಬೆಳಕಿಗೆ ಹಿಡಿದರೆ ನೀಲಿ ಮಿಂಚುತ್ತದೆ. ಕೆಲಸ ಚುರುಕು, ಆದರೆ ಬಲು ಚಂಚಲ. ಹವಾ ಬದಲಾದರೆ ಸಾಕು, ಗುಂಪು ಕಟ್ಟಿಕೊಂಡು ಡಬ್ಬ ಹತ್ತಿ ಹೊರಡುತ್ತದೆ. ಮೊದಲ ಸಲ ಸಾಕುವವರು ಐಸೀನಿಯಾ ತಗೊಳ್ಳಿ. ಜಾಗ ವರ್ಷವಿಡೀ ಬೆಚ್ಚಗಿದ್ದರೆ ಯೂಡ್ರಿಲಸ್ ಕೂಡ ಸರಿ.

ಕಾಲು ಕಿಲೋ ಹುಳ ಸಾಕು. ಐಸೀನಿಯಾ ಆದರೆ ಅದರಲ್ಲೇ ಸುಮಾರು 500 ಇರುತ್ತವೆ. ಕೆಂಪು ಹುಳ ಒಂದು ಮೊಟ್ಟೆಕೋಶ ಇಟ್ಟರೆ ಮೂರು ವಾರದ ಹೊತ್ತಿಗೆ ಅದರಿಂದ ಎರಡು ಮೂರು ಮರಿ ಬರುತ್ತವೆ. ಆ ಮರಿಗಳು ಇನ್ನೊಂದು ಎರಡು ತಿಂಗಳಲ್ಲಿ ತಾವೇ ಕೋಶ ಇಡಲು ಶುರು ಮಾಡುತ್ತವೆ. ಹೆಣ್ಣು, ಗಂಡು ಅಂತ ಬೇರೆ ಬೇರೆ ಇಲ್ಲ, ಒಂದೊಂದು ಹುಳದಲ್ಲೂ ಎರಡೂ ಇರುತ್ತದೆ. ಹಾಗಾಗಿ ಕಾಲು ಕಿಲೋ ಅರ್ಧ ಕಿಲೋ ಆಗುವುದಕ್ಕೆ ಬಹಳ ಕಾಲ ಬೇಡ. ಜಾಗ, ಊಟ ನೋಡಿಕೊಂಡು ಆಮೇಲೆ ತಾವೇ ನಿಂತುಕೊಳ್ಳುತ್ತವೆ. ಹುಳ ಜಾಸ್ತಿಯಾಗಿ ಮನೆ ತುಂಬಾ ಹರಿದಾಡುತ್ತವೆ ಅನ್ನುವ ಹೆದರಿಕೆ ಬೇಡ.

ಒಂದು ಹುಳವನ್ನು ಎರಡು ತುಂಡು ಮಾಡಿದರೆ ಎರಡು ಹುಳ ಆಗುತ್ತದೆ ಅನ್ನುವುದು ಸುಳ್ಳು. ಬಾಲದ ಕಡೆ ಸ್ವಲ್ಪ ತುಂಡಾದರೆ ತಲೆಯ ಭಾಗ ಬದುಕಬಹುದು, ಅಷ್ಟೇ. ಆದ್ದರಿಂದ ಡಬ್ಬದೊಳಗೆ ಚೂಪಾದ ಸಲಿಕೆ ಆಡಿಸಬೇಡಿ. ಕೈಯಲ್ಲೇ ಬಿಡಿಸಿ.

ಡಬ್ಬ

ಇದರ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಮುಚ್ಚಳ ಇರುವ, ಬೆಳಕು ತೂರದ ಯಾವ ಪ್ಲಾಸ್ಟಿಕ್ ಡಬ್ಬವಾದರೂ ನಡೆಯುತ್ತದೆ. ಆಳಕ್ಕಿಂತ ಅಗಲ ನೋಡಿ. ಈ ಹುಳಗಳು ಮೇಲಿನ ಒಂದು ಗೇಣಿನಲ್ಲೇ ಓಡಾಡುತ್ತವೆ, ಒಂದು ಅಡಿ ಆಳ ಧಾರಾಳವಾಯಿತು. ಎತ್ತರದ ಬಕೆಟ್ಟಿನಲ್ಲಿ ತಳದ ಪದರಕ್ಕೆ ಗಾಳಿ ಸಿಗದೆ ಕೊಳೆತು ನಾರುತ್ತದೆ. ನನ್ನದು 45 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರ. ಹುಳ ತುಂಬಿಕೊಂಡ ಮೇಲೆ ವಾರಕ್ಕೆ ಒಂದೂವರೆ ಕಿಲೋ ಸಿಪ್ಪೆಯನ್ನು ಅದು ಆರಾಮಾಗಿ ಅರಗಿಸಿಕೊಳ್ಳುತ್ತದೆ.

ತಳದಲ್ಲಿ 6 ಮಿಲಿಮೀಟರ್ ಡ್ರಿಲ್‌ನಿಂದ ಹತ್ತು ಹನ್ನೆರಡು ತೂತು ಮಾಡಿ. ಡ್ರಿಲ್ ಇಲ್ಲದಿದ್ದರೆ ಕಾಯಿಸಿದ ದಪ್ಪ ಮೊಳೆ ಸಾಕು. ಆದರೆ ಹೊಗೆ ಬರುತ್ತದೆ, ಹೊರಗೆ ಕೂತು ಮಾಡಿ. ಪಕ್ಕದ ಗೋಡೆಗಳಲ್ಲಿ ಮೇಲಿನ ಅರ್ಧದಲ್ಲಿ ಎರಡು ಸಾಲು ತೂತು ಇರಲಿ. ಎಲ್ಲ ತೂತುಗಳಿಗೂ ಒಳಗಿನಿಂದ ಸೊಳ್ಳೆ ಪರದೆಯ ತುಂಡು ಅಂಟಿಸಿ. ತಳವನ್ನು ನಾಲ್ಕು ಇಟ್ಟಿಗೆ ತುಂಡಿನ ಮೇಲೆ ಎತ್ತಿ ಇಟ್ಟು ಕೆಳಗೆ ಒಂದು ತಟ್ಟೆ ಇಡಿ. ಇಷ್ಟೇ. ಮರದ ಪೆಟ್ಟಿಗೆ ಗಾಳಿಗೆ ಒಳ್ಳೆಯದು, ಆದರೆ ತಾನೂ ನಿಧಾನಕ್ಕೆ ಕೊಳೆಯುತ್ತದೆ. ಅದಕ್ಕೆ ಬಣ್ಣ, ಗೆದ್ದಲಿನ ಔಷಧಿ ಯಾವುದೂ ಬಳಿದಿರಬಾರದು. ತಗಡಿನ ಡಬ್ಬ ಬೇಡ, ಬೇಗ ಕಾಯುತ್ತದೆ.

ಎಲ್ಲಿ ಇಡಬೇಕು? ಬಿಸಿಲು ಬೀಳದ, ಮಳೆ ನೀರು ನುಗ್ಗದ, ಅಲುಗಾಟ ಇಲ್ಲದ ಕಡೆ. ವಾಷಿಂಗ್ ಮೆಷಿನ್ ಮೇಲೆ, ಪಕ್ಕದಲ್ಲಿ ಇಡುವವರಿದ್ದಾರೆ. ಬೇಡ. ಎರೆಹುಳಕ್ಕೆ ಕಿವಿ ಇಲ್ಲ, ಆದರೆ ಅದುರಿದರೆ ಚೆನ್ನಾಗಿ ಗೊತ್ತಾಗುತ್ತದೆ. ಚಾರ್ಲ್ಸ್ ಡಾರ್ವಿನ್ ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಿ 1881ರಲ್ಲಿ ಬರೆದಿಟ್ಟಿದ್ದಾನೆ. ಹುಳ ಇದ್ದ ಕುಂಡಗಳ ಹತ್ತಿರ ಪಿಯಾನೋ ಎಷ್ಟು ಜೋರಾಗಿ ಬಾರಿಸಿದರೂ ಅವು ಕದಲಲಿಲ್ಲ. ಅದೇ ಕುಂಡವನ್ನು ಪಿಯಾನೋ ಮೇಲೆ ಇಟ್ಟು ಪಿಯಾನೋದ ಒಂದು ಕೀ ಒತ್ತಿದ್ದೇ ತಡ, ಬಿಲದೊಳಗೆ ಓಡಿಹೋದವು.

ಹಾಸು

ಈಗ ಮುಖ್ಯ ವಿಷಯಕ್ಕೆ ಬಂದೆವು. ಹಾಸು ಅಂದರೆ ಹುಳ ಮಲಗುವ ಜಾಗವೂ ಹೌದು, ಅದರ ಊಟವೂ ಹೌದು, ಅದಕ್ಕೆ ಗಾಳಿ ಸಿಗುವ ದಾರಿಯೂ ಹೌದು. ಎರೆಹುಳ ಚರ್ಮದ ಮೂಲಕ ಉಸಿರಾಡುತ್ತದೆ. ಚರ್ಮ ಒದ್ದೆಯಾಗಿ ಇಲ್ಲದಿದ್ದರೆ ಉಸಿರು ನಿಲ್ಲುತ್ತದೆ. ಹಾಗಂತ ನೀರು ನಿಂತು ಗಾಳಿ ಆಡದಿದ್ದರೂ ಉಳಿಗಾಲ ಇಲ್ಲ. ಒದ್ದೆಯೂ ಇರಬೇಕು, ಸಡಿಲವಾಗಿಯೂ ಇರಬೇಕು. ಈ ಎರಡನ್ನೂ ಒಟ್ಟಿಗೆ ಕೊಡುವ ವಸ್ತು ನಿಮ್ಮ ಮನೆಯಲ್ಲೇ ಬಿದ್ದಿರುತ್ತದೆ: ರಟ್ಟು.

ಅಲೆ ಅಲೆ ಪದರ ಇರುವ ಕಂದು ರಟ್ಟಿನ ಪೆಟ್ಟಿಗೆ ಬರುತ್ತದಲ್ಲ, ಅದು ನನಗೆ ಎಲ್ಲಕ್ಕಿಂತ ಇಷ್ಟ. ಟೇಪು, ಸ್ಟೇಪ್ಲರ್ ಪಿನ್ನು, ಅಂಟಿಸಿದ ಚೀಟಿ ಎಲ್ಲ ಕಿತ್ತು, ಅರ್ಧ ಗಂಟೆ ನೀರಲ್ಲಿ ನೆನೆಹಾಕಿ, ಆಮೇಲೆ ಕೈಯಲ್ಲಿ ಹರಿಯಿರಿ. ನೆಂದ ರಟ್ಟು ಸುಲಭವಾಗಿ ಹರಿಯುತ್ತದೆ. ಒಣ ರಟ್ಟು ಹರಿಯಲು ಹೋದರೆ ಬೆರಳು ಹೋಗುತ್ತದೆ. ಎರಡು ಬೆರಳಗಲದ ಪಟ್ಟಿ ಸಾಕು, ಪುಡಿ ಮಾಡುವುದು ಬೇಡ. ಪುಡಿ ಮಾಡಿದರೆ ಒಂದರ ಮೇಲೊಂದು ಕೂತು ಗಟ್ಟಿಯಾಗಿ ಗಾಳಿ ನಿಲ್ಲುತ್ತದೆ. ನಡುವಿನ ಅಲೆಯ ಸಂದಿಯಲ್ಲಿ ಮರಿಹುಳಗಳು ಸಾಲಾಗಿ ಮಲಗಿರುವುದನ್ನು ಒಂದು ಸಲ ಬಿಡಿಸಿ ನೋಡಿ. ಅವುಗಳಿಗೆಂದೇ ಮಾಡಿಸಿದ ಕೋಣೆಗಳು ಅನ್ನಿಸುತ್ತದೆ.

ರಟ್ಟಿನ ಜೊತೆ ಹಳೆ ಪೇಪರ್ ಪಟ್ಟಿ, ಒಣಗಿದ ತರಗೆಲೆ, ತೆಂಗಿನ ನಾರಿನ ಪುಡಿ ಏನು ಸಿಕ್ಕರೂ ಬೆರೆಸಬಹುದು. ನಾರಿನ ಪುಡಿಯಲ್ಲಿ ಉಪ್ಪು ಇರುವುದುಂಟು, ಒಂದೆರಡು ಸಲ ನೀರು ಹಾಕಿ ಹಿಂಡಿ ಆಮೇಲೆ ಬಳಸಿ. ಮಿರಮಿರ ಹೊಳೆಯುವ ಬಣ್ಣದ ಕಾಗದ ಬೇಡ. ಇದೆಲ್ಲದರ ಮೇಲೆ ಒಂದು ಬೊಗಸೆ ಸಾಮಾನ್ಯ ತೋಟದ ಮಣ್ಣು ಹಾಕಿ. ಎರೆಹುಳಕ್ಕೆ ಹಲ್ಲಿಲ್ಲ, ಹೊಟ್ಟೆಯೊಳಗಿನ ಗಟ್ಟಿ ಚೀಲದಲ್ಲಿ ಮರಳಿನ ಕಣ ಇಟ್ಟುಕೊಂಡು ಅದರಿಂದ ಅರೆಯುತ್ತದೆ. ಮಣ್ಣಿನ ಜೊತೆ ಬರುವ ಸೂಕ್ಷ್ಮಜೀವಿಗಳೂ ಬೇಕು.

ಸಗಣಿ ಸಿಕ್ಕರೆ ಒಳ್ಳೆಯದು, ಆದರೆ ಹಸಿ ಸಗಣಿ ಹಾಕಬೇಡಿ. ಅದು ಕಾಯುತ್ತದೆ, ಅಮೋನಿಯಾ ಬಿಡುತ್ತದೆ. ಎರಡು ಮೂರು ವಾರ ನೆರಳಲ್ಲಿ ಬಿಟ್ಟು, ಬಿಸಿ ಆರಿ, ವಾಸನೆ ಕಳೆದ ಮೇಲೆ ಹಾಕಿ. ದನಕ್ಕೆ ಆಗಷ್ಟೇ ಜಂತುಹುಳದ ಔಷಧಿ ಕೊಟ್ಟಿದ್ದರೆ ಆ ಸಗಣಿ ಬೇಡವೇ ಬೇಡ. ಜಂತು ಕೊಲ್ಲುವ ಔಷಧಿ ಎರೆಹುಳವನ್ನು ಬಿಡುತ್ತದೆಯೇ?

ನೀರು ಎಷ್ಟು? ತೂಕದಲ್ಲಿ ಹೇಳುವುದಾದರೆ ಒಂದು ಕಿಲೋ ಒಣ ಕಾಗದಕ್ಕೆ ಮೂರು ಲೀಟರ್ ನೀರು. ಆದರೆ ತಕ್ಕಡಿಗಿಂತ ಕೈಯನ್ನೇ ನಂಬಿ. ಹಾಸಿನ ಒಂದು ಹಿಡಿ ತಗೊಂಡು ಮುಷ್ಟಿ ಬಿಗಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಬಂದು ನಿಂತರೆ ಸರಿ. ಧಾರೆ ಇಳಿದರೆ ಜಾಸ್ತಿಯಾಯಿತು, ಒಣ ರಟ್ಟು ಸೇರಿಸಿ. ಕೈ ಬಿಟ್ಟ ತಕ್ಷಣ ಉಂಡೆ ಉದುರಿಹೋದರೆ ನೀರು ಸಾಲದು. ಈ ಮುಷ್ಟಿ ಪರೀಕ್ಷೆಯನ್ನು ವಾರಕ್ಕೊಮ್ಮೆ ಮಾಡುವುದು ಬಿಟ್ಟರೆ ನಿಮಗೆ ಬೇರೆ ಯಾವ ಮೀಟರೂ ಬೇಡ.

ಹೀಗೆ ತಯಾರಾದ ಹಾಸನ್ನು ಡಬ್ಬದಲ್ಲಿ ಒಂದು ಗೇಣು ಎತ್ತರಕ್ಕೆ ಸಡಿಲವಾಗಿ ತುಂಬಿ, ಹುಳ ತರುವ ಮೊದಲು ನಾಲ್ಕೈದು ದಿನ ಹಾಗೇ ಬಿಡಿ. ಕೈ ಇಟ್ಟು ನೋಡಿ, ಒಳಗೆ ಬಿಸಿ ಇರಬಾರದು. ಸ್ವಲ್ಪ ಬೂಷ್ಟು ಕಟ್ಟಲು ಶುರುವಾಗಿದ್ದರೆ ಇನ್ನೂ ಒಳ್ಳೆಯದು.

ಹುಳ ಬಿಡುವ ದಿನ

ಹಾಸಿನ ಮೇಲೆ ಹುಳ ಸುರಿದು ಸುಮ್ನೆ ನೋಡುತ್ತಾ ನಿಂತರೆ ಸಾಕು. ಬೆಳಕು ಕಂಡರೆ ಆಗದು ಅವಕ್ಕೆ, ಹತ್ತು ನಿಮಿಷದಲ್ಲಿ ಒಳಗೆ ಇಳಿದುಬಿಡುತ್ತವೆ. ಮೇಲೆಯೇ ಉಳಿದವು ಸುಸ್ತಾದವು, ಅವನ್ನು ತೆಗೆದುಹಾಕಿ. ಮೇಲೆ ಒದ್ದೆ ಗೋಣಿತಾಟಿನ ಒಂದು ತುಂಡು ಅಥವಾ ನಾಲ್ಕು ಪದರ ಪೇಪರ್ ಹೊದಿಸಿ.

ಮೊದಲ ಎರಡು ಮೂರು ರಾತ್ರಿ ಕೆಲವು ಹುಳ ಗೋಡೆ ಹತ್ತಿ ಮುಚ್ಚಳದ ಹತ್ತಿರ ಸೇರುತ್ತವೆ. ಹೊಸ ಜಾಗ ಅಲ್ವಾ. ಡಬ್ಬದ ಮೇಲೆ ಒಂದು ಸಣ್ಣ ದೀಪ ಉರಿಸಿ, ಮುಚ್ಚಳ ಸ್ವಲ್ಪ ಓರೆ ಇಡಿ. ಬೆಳಕಿಗೆ ಹೆದರಿ ಕೆಳಗೇ ಉಳಿಯುತ್ತವೆ. ವಾರ ಕಳೆದರೂ ಓಡುತ್ತಲೇ ಇದ್ದರೆ ಮಾತ್ರ ಒಳಗೆ ಏನೋ ಸರಿಯಿಲ್ಲ ಅಂತ ಅರ್ಥ. ಹೆಚ್ಚಾಗಿ ಅದು ಬಿಸಿ ಅಥವಾ ಹುಳಿ.

ಆ ವಾರ ಊಟ ಹಾಕಬೇಡಿ. ಪಾಪ ಅನ್ನಿಸುತ್ತದೆ, ಗೊತ್ತು. ಹಾಸೇ ಅವುಗಳ ಊಟ, ಅದನ್ನು ತಿಂದುಕೊಂಡು ಇರುತ್ತವೆ.

ಊಟ

ಎರೆಹುಳ ದಿನಕ್ಕೆ ತನ್ನ ಅರ್ಧ ತೂಕದಷ್ಟು ತಿನ್ನುತ್ತದೆ ಅನ್ನುವ ಲೆಕ್ಕ ಎಲ್ಲ ಕಡೆ ಇದೆ. ಅದು ಎಲ್ಲವೂ ಸರಿಯಾಗಿ ಕೂತ, ಹಳೆಯ ಡಬ್ಬದ ಲೆಕ್ಕ. ಹೊಸದರಲ್ಲಿ ಅದರ ಅರ್ಧ ಹಾಕಿ. ಅಂದರೆ ಕಾಲು ಕಿಲೋ ಹುಳಕ್ಕೆ ವಾರಕ್ಕೆ ಸುಮಾರು 400 ಗ್ರಾಂ. ಅದೂ ದಿನಾ ಅಲ್ಲ, ವಾರಕ್ಕೆ ಎರಡು ಸಲ.

ಹುಳ ನಾವು ಹಾಕಿದ ಸಿಪ್ಪೆಯನ್ನು ನೇರವಾಗಿ ಕಚ್ಚಿ ತಿನ್ನುವುದಿಲ್ಲ. ಒಂದು ತುಂಡು ಸಿಹಿಗುಂಬಳವನ್ನು ಹಾಸಿನ ಮೂಲೆಯಲ್ಲಿ ಇಟ್ಟು ನೋಡಿ, ಎಲ್ಲ ಅರ್ಥವಾಗುತ್ತದೆ. ಮೊದಲೆರಡು ದಿನ ಅದರ ಹತ್ತಿರ ಯಾರೂ ಬರುವುದಿಲ್ಲ. ಮೂರನೆಯ ದಿನದ ಹೊತ್ತಿಗೆ ಬಿಳಿ ಬೂಷ್ಟು ಕಟ್ಟುತ್ತದೆ. ಆಮೇಲೆ ತಿರುಳು ಮೆತ್ತಗಾಗಿ ನೀರು ಬಿಡುತ್ತದೆ, ಅದರ ಮೇಲೆ ಕಣ್ಣಿಗೆ ಕಂಡೂ ಕಾಣದ ಬಿಳಿ ಜಿಗಿಹುಳಗಳು ಸೇರುತ್ತವೆ. ಎರೆಹುಳ ಬರುವುದು ಅದರ ನಂತರ, ಅದೂ ಕೆಳಗಿನಿಂದ. ವಾರ ಕಳೆದು ಆ ತುಂಡನ್ನು ಎತ್ತಿದರೆ ಅಡಿಯಲ್ಲಿ ಹುಳಗಳ ಗಂಟೇ ಇರುತ್ತದೆ. ಅವು ತಿನ್ನುತ್ತಿರುವುದು ಕೊಳೆತ ಭಾಗವನ್ನು, ಅದರ ಜೊತೆಗೆ ಕೊಳೆಸಿದ ಸೂಕ್ಷ್ಮಜೀವಿಗಳನ್ನು. ಕೊನೆಗೆ ಉಳಿಯುವುದು ಕಾಗದದಷ್ಟು ತೆಳ್ಳಗಿನ ಹೊರಸಿಪ್ಪೆ. ಕೊಳೆಯಲು ಹಿಡಿಯುವ ಸಮಯವನ್ನು ನಾವು ಅವಸರ ಮಾಡಲು ಆಗುವುದಿಲ್ಲ. ಮೊನ್ನೆ ಹಾಕಿದ್ದು ಇನ್ನೂ ಹಾಗೇ ಇದೆ ಅಂದರೆ ಹುಳ ಸೋಮಾರಿ ಅಂತಲ್ಲ, ಅಡುಗೆ ಇನ್ನೂ ಆಗಿಲ್ಲ ಅಂತ.

ಅದಕ್ಕೇ ನಾನು ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ಫ್ರೀಜರ್‌ನಲ್ಲಿ ಒಂದು ರಾತ್ರಿ ಇಡುತ್ತೇನೆ. ಹೆಪ್ಪುಗಟ್ಟಿ ಕರಗಿದರೆ ಸಿಪ್ಪೆ ಮೆತ್ತಗಾಗುತ್ತದೆ, ಬೇಗ ಕೊಳೆಯುತ್ತದೆ. ಹಣ್ಣಿನ ನೊಣದ ಮೊಟ್ಟೆಗಳೂ ಸಾಯುತ್ತವೆ. ಡಬ್ಬಕ್ಕೆ ಹಾಕುವ ಮೊದಲು ಪೂರ್ತಿ ಕರಗಿ, ಸಾಮಾನ್ಯ ಬಿಸಿಗೆ ಬಂದಿರಬೇಕು.

ಹಾಕುವ ಕ್ರಮ ಹೀಗೆ. ಡಬ್ಬವನ್ನು ಮನಸ್ಸಿನಲ್ಲೇ ಆರು ಚೌಕ ಮಾಡಿಕೊಳ್ಳಿ. ಒಂದು ಚೌಕದಲ್ಲಿ ಹಾಸು ಸರಿಸಿ ಗುಳಿ ಮಾಡಿ, ಸಿಪ್ಪೆ ಹಾಕಿ, ಮತ್ತೆ ಹಾಸು ಮುಚ್ಚಿ, ಮೇಲೆ ಒಂದು ಹಿಡಿ ಒಣ ರಟ್ಟಿನ ಚೂರು ಹಾಕಿ. ಮುಂದಿನ ಸಲ ಪಕ್ಕದ ಚೌಕ. ಸುತ್ತು ಮುಗಿಸಿ ಮೊದಲನೆಯದಕ್ಕೆ ಬಂದಾಗ ಅಲ್ಲಿ ಹಳೆಯದು ಖಾಲಿಯಾಗಿರಬೇಕು. ಆಗಿಲ್ಲವಾ? ಹಾಕಬೇಡಿ. ಈ ಒಂದು ಕಟ್ಟುನಿಟ್ಟು ಇಟ್ಟುಕೊಂಡರೆ ಅರ್ಧ ಕಷ್ಟ ಬರುವುದೇ ಇಲ್ಲ. ಸಿಪ್ಪೆ ಹಾಕಿದಾಗಲೆಲ್ಲ ಅಷ್ಟೇ ಗಾತ್ರದ ಒಣ ರಟ್ಟು ಹೋಗಬೇಕು, ಇದು ನನ್ನ ಮನೆಯ ಕಾನೂನು.

ತರಕಾರಿ ಸಿಪ್ಪೆ, ಸೊಪ್ಪಿನ ಕಡ್ಡಿ, ಬಾಳೆ, ಪಪ್ಪಾಯಿ, ಕಲ್ಲಂಗಡಿ ಸಿಪ್ಪೆ, ಟೀ ಚರಟ, ಕಾಫಿ ಚರಟ ಎಲ್ಲ ಆಗುತ್ತದೆ. ಟೀ ಬ್ಯಾಗ್ ಆದರೆ ಹರಿದು ಪುಡಿ ಮಾತ್ರ ಹಾಕಿ, ಎಷ್ಟೋ ಬ್ಯಾಗುಗಳಲ್ಲಿ ಪ್ಲಾಸ್ಟಿಕ್ ಇರುತ್ತದೆ. ನಿಂಬೆ, ಕಿತ್ತಳೆ ಸಿಪ್ಪೆ, ಈರುಳ್ಳಿ, ಬೆಳ್ಳುಳ್ಳಿ ಅಪರೂಪಕ್ಕೆ ಸ್ವಲ್ಪ. ಉಪ್ಪು, ಎಣ್ಣೆ, ಖಾರ ಬಿದ್ದ ಯಾವ ಅಡುಗೆಯೂ ಬೇಡ. ಉಪ್ಪು ಅವುಗಳ ಚರ್ಮಕ್ಕೆ ವಿಷ. ಮಾಂಸ, ಮೀನು, ಹಾಲು, ಮೊಸರು ಬೇಡ. ನಾಯಿ, ಬೆಕ್ಕಿನ ಮಲವೂ ಬೇಡ. ಈ ಡಬ್ಬ ಕಾಯುವುದಿಲ್ಲ, ರೋಗಾಣು ಸಾಯುತ್ತವೆ ಅನ್ನುವ ಭರವಸೆ ಇಲ್ಲ. ಹಿಟ್ಟು, ಕಾಳು, ಹಿಂಡಿ ಹಾಕಿ ಹುಳವನ್ನು ದಪ್ಪ ಮಾಡಲು ಹೊರಡುವವರಿದ್ದಾರೆ. ಅದು ಜಾಸ್ತಿಯಾದರೆ ಹುಳದ ಮೈ ಅಲ್ಲಲ್ಲಿ ಊದಿ, ಅಲ್ಲಲ್ಲಿ ಕಿರಿದಾಗಿ, ಮಣಿ ಪೋಣಿಸಿದ ಹಾಗೆ ಕಾಣುತ್ತದೆ. ಆ ಹುಳ ಉಳಿಯುವುದಿಲ್ಲ.

ಮೊಟ್ಟೆ ಚಿಪ್ಪು ಮಾತ್ರ ಯಾವಾಗಲೂ ಇರಲಿ. ತೊಳೆದು, ಒಣಗಿಸಿ, ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ, ಎರಡು ವಾರಕ್ಕೊಮ್ಮೆ ಒಂದು ಚಮಚ ಉದುರಿಸಿ. ಹುಳಿ ಏರದ ಹಾಗೆ ನಿಧಾನಕ್ಕೆ ನೋಡಿಕೊಳ್ಳುತ್ತದೆ, ಅರೆಯಲು ಕಣವೂ ಆಗುತ್ತದೆ. ಮೊಟ್ಟೆ ತಿನ್ನದ ಮನೆಯಲ್ಲಿ ಸುಣ್ಣಕಲ್ಲಿನ ಪುಡಿ ಒಂದು ಚಿಟಿಕೆ ಸಾಕು. ಗೋಡೆಗೆ ಬಳಿಯುವ ಸುಣ್ಣ ಹಾಕಿದರೆ ಹುಳ ಸುಟ್ಟುಹೋಗುತ್ತದೆ.

ಊರಿಗೆ ಹೋಗುವಾಗ ಏನು ಮಾಡುವುದು ಅಂತ ಚಿಂತೆ ಬೇಡ. ಎರಡು ಮೂರು ವಾರಕ್ಕೆ ಹೋಗುವುದಾದರೆ ಒಂದು ಸಲ ಮಾಮೂಲಿ ಊಟ, ಮೇಲೆ ದಪ್ಪಗೆ ಒದ್ದೆ ರಟ್ಟು. ಹೋಗಿ ಬನ್ನಿ. ಪಕ್ಕದ ಮನೆಯವರಿಗೆ ಜವಾಬ್ದಾರಿ ಕೊಟ್ಟು ಹೋಗಬೇಡಿ, ಅವರು ಪ್ರೀತಿಯಿಂದ ದಿನಾ ಹಾಕಿಬಿಡುತ್ತಾರೆ.

ಎಡವಟ್ಟಾದಾಗ

ಮೂಗು ಮೊದಲು ಹೇಳುತ್ತದೆ. ಚೆನ್ನಾಗಿರುವ ಡಬ್ಬಕ್ಕೆ ಒದ್ದೆ ಮಣ್ಣಿನ ವಾಸನೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ತಳದಲ್ಲಿ ನೀರು ನಿಂತು ಗಾಳಿ ಇಲ್ಲ. ತೂತು ಕಟ್ಟಿದೆಯಾ ನೋಡಿ, ತಿನ್ನದೆ ಉಳಿದ ಸಿಪ್ಪೆ ತೆಗೆದುಹಾಕಿ, ಒಣ ರಟ್ಟು ಧಾರಾಳವಾಗಿ ಬೆರೆಸಿ, ಮುಚ್ಚಳ ಎರಡು ದಿನ ತೆಗೆದಿಡಿ. ಹುಳಿ ವಾಸನೆ ಬಂದರೆ ಹಣ್ಣಿನ ಸಿಪ್ಪೆ ಜಾಸ್ತಿಯಾಗಿದೆ. ಆಗ ನೂಲಿನ ಎಳೆಯಷ್ಟು ಸಣ್ಣ ಬಿಳಿ ಹುಳಗಳು ಗುಂಪುಗುಂಪಾಗಿ ಕಾಣುತ್ತವೆ. ಅವು ಎರೆಹುಳದ ಮರಿ ಅಂತ ಖುಷಿಪಡಬೇಡಿ. ಎರೆಹುಳದ ಮರಿ ಎಷ್ಟು ಸಣ್ಣದಿದ್ದರೂ ಮೈಯಲ್ಲಿ ಕೆಂಪು ಛಾಯೆ ಇರುತ್ತದೆ. ಆ ಬಿಳಿಯವು ಕೇಡು ಮಾಡುವುದಿಲ್ಲ, ಹುಳಿ ಏರಿದೆ ಅಂತ ಸುದ್ದಿ ಕೊಡುತ್ತವೆ. ಚಿಪ್ಪಿನ ಪುಡಿ ಹಾಕಿ, ಊಟ ಒಂದು ವಾರ ನಿಲ್ಲಿಸಿ.

ಹಣ್ಣಿನ ನೊಣ ಬಂದರೆ ಎಲ್ಲೋ ಸಿಪ್ಪೆ ತೆರೆದು ಬಿದ್ದಿದೆ. ಆಳಕ್ಕೆ ಹೂತು, ಮೇಲೆ ಒಣ ಪೇಪರ್ ಹೊದಿಸಿ. ಬಂದಿರುವ ನೊಣಕ್ಕೆ ಪಕ್ಕದಲ್ಲಿ ಒಂದು ಬಟ್ಟಲು ವಿನೆಗರ್‌ಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ ಇಡಿ. ಡಬ್ಬದೊಳಗೆ ಯಾವ ಸ್ಪ್ರೇಯೂ ಹೊಡೆಯಬೇಡಿ.

ಇರುವೆ ಬಂತು ಅಂದರೆ ಡಬ್ಬ ಒಣಗಿದೆ. ನೀರು ಚಿಮುಕಿಸಿ, ಇಟ್ಟಿಗೆಗಳನ್ನು ನೀರು ತುಂಬಿದ ಬಟ್ಟಲಿನಲ್ಲಿ ಇಡಿ. ಕಂದು ನುಸಿ ತುಂಬಿಕೊಂಡರೆ ಕಲ್ಲಂಗಡಿ ಸಿಪ್ಪೆಯನ್ನು ಮೇಲೆ ಬೋರಲು ಇಟ್ಟು, ಮರುದಿನ ನುಸಿ ಸಮೇತ ಎತ್ತಿ ಬಿಸಾಕಿ. ಹೀಗೆ ನಾಲ್ಕು ದಿನ ಮಾಡಿ. ಬೂದು ಬಣ್ಣದ, ಚಪ್ಪಟೆಯಾದ, ಗಡುಸು ಮೈಯ ದಪ್ಪ ಮರಿಗಳು ಕಂಡರೆ ಅವು ಸೋಲ್ಜರ್ ಫ್ಲೈ ನೊಣದ್ದು. ಎರೆಹುಳವನ್ನು ತಿನ್ನುವುದಿಲ್ಲ, ಆದರೆ ಊಟವೆಲ್ಲ ತಾವೇ ಮುಗಿಸಿ ಡಬ್ಬ ಬಿಸಿ ಮಾಡುತ್ತವೆ. ಊಟ ಕಡಿಮೆ ಮಾಡಿದರೆ ತಾವೇ ಹೋಗುತ್ತವೆ. ಜರಿ ಕಂಡರೆ ಮಾತ್ರ ಇಕ್ಕಳದಲ್ಲಿ ಹಿಡಿದು ತೆಗೆಯಿರಿ, ಅದು ಹುಳ ತಿನ್ನುತ್ತದೆ, ಕೈಗೂ ಕಚ್ಚುತ್ತದೆ.

ಬಿಸಿ ಎಲ್ಲಕ್ಕಿಂತ ಬೇಗ ಕೊಲ್ಲುತ್ತದೆ. ಹಾಸಿನೊಳಗೆ 35 ಡಿಗ್ರಿ ದಾಟಿದರೆ ಕೆಂಪು ಹುಳ ಬದುಕುವುದು ಕಷ್ಟ. ಬಿಸಿಲು ಜೋರಾದಾಗ ನಾನು ಒಂದು ಬಾಟಲಿ ನೀರನ್ನು ಮಂಜುಗಡ್ಡೆ ಮಾಡಿ, ಪೇಪರ್ ಸುತ್ತಿ, ಡಬ್ಬದ ಒಂದು ಮೂಲೆಯಲ್ಲಿ ಇಡುತ್ತೇನೆ. ಬೇಕಾದವು ಅದರ ಹತ್ತಿರ ಬರುತ್ತವೆ. ಹುಲ್ಲು ಕತ್ತರಿಸಿದ್ದನ್ನು ರಾಶಿ ಹಾಕಿದರೂ ಒಳಗೇ ಬಿಸಿ ಹುಟ್ಟುತ್ತದೆ, ಅದನ್ನು ಈ ಡಬ್ಬಕ್ಕೆ ತರಬೇಡಿ.

ಏನು ನಡೆಯುತ್ತಿದೆ ಅಂತ ನೋಡುವ ಆಸೆ ಇದ್ದರೆ ಒಂದು ಉಪಾಯ. ಟಾರ್ಚಿಗೆ ಕೆಂಪು ಬಣ್ಣದ ಪ್ಲಾಸ್ಟಿಕ್ ಹಾಳೆ ಎರಡು ಪದರ ಸುತ್ತಿ, ರಾತ್ರಿ ಕೋಣೆಯ ದೀಪ ಆರಿಸಿ ಮುಚ್ಚಳ ತೆಗೆಯಿರಿ. ಕೆಂಪು ಬೆಳಕು ಅವುಗಳಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ನನ್ನ ತಂಗಿಯ ಮಗಳು ಬಂದಾಗಲೆಲ್ಲ ಇದೇ ಅವಳ ಟಿವಿ. ಎರಡು ಹುಳ ಕುತ್ತಿಗೆಯ ದಪ್ಪ ಪಟ್ಟಿ ತಾಗಿಸಿಕೊಂಡು ಒಂದರ ತಲೆ ಇನ್ನೊಂದರ ಬಾಲದ ಕಡೆ ಇರುವ ಹಾಗೆ ಅಂಟಿಕೊಂಡಿದ್ದು ಕಂಡು ಏನು ಮಾಡ್ತಿವೆ ಅಂತ ಕೇಳಿದಳು. ಮೊಟ್ಟೆ ಇಡೋಕೆ ತಯಾರಿ ಅಂದೆ.

ಗೊಬ್ಬರ ತೆಗೆಯುವುದು

ಮೂರು ನಾಲ್ಕು ತಿಂಗಳಿಗೆ ಹಾಸು ಅರ್ಧಕ್ಕೆ ಇಳಿದು, ರಟ್ಟು ಕಾಗದ ಗುರುತು ಸಿಗದ ಹಾಗೆ ಕಪ್ಪಗೆ ಉದುರುದುರಾಗಿರುತ್ತದೆ. ಇನ್ನೂ ಬಿಟ್ಟರೆ ಗೊಬ್ಬರ ಜಿಗುಟಾಗುತ್ತದೆ, ತನ್ನ ಹಿಕ್ಕೆಯಲ್ಲೇ ಇರುವುದು ಹುಳಕ್ಕೂ ಆಗುವುದಿಲ್ಲ.

ಪುರುಸೊತ್ತು ಇರುವವರಿಗೆ ಸುಲಭ ದಾರಿ: ಎಲ್ಲವನ್ನೂ ಡಬ್ಬದ ಒಂದು ಬದಿಗೆ ಸರಿಸಿ, ಇನ್ನೊಂದು ಬದಿಗೆ ಹೊಸ ಹಾಸು ತುಂಬಿ, ಇನ್ನು ಮುಂದೆ ಅಲ್ಲಿ ಮಾತ್ರ ಊಟ ಹಾಕಿ. ಮೂರು ನಾಲ್ಕು ವಾರದಲ್ಲಿ ಹೆಚ್ಚಿನ ಹುಳ ತಾವೇ ದಾಟಿ ಹೋಗುತ್ತವೆ. ಅವಸರ ಇರುವವರು ಬೆಳಕಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ಸುರಿದು ಸಣ್ಣ ಸಣ್ಣ ಗುಡ್ಡೆ ಮಾಡಿ. ಹತ್ತು ನಿಮಿಷ ಬಿಟ್ಟು ಮೇಲಿನ ಪದರ ಕೈಯಲ್ಲಿ ತೆಗೆಯಿರಿ, ಮತ್ತೆ ಬಿಡಿ, ಮತ್ತೆ ತೆಗೆಯಿರಿ. ಹುಳ ಕೆಳಕೆಳಗೆ ಇಳಿದು ಕೊನೆಗೆ ತಳದಲ್ಲಿ ಗಂಟಾಗಿ ಸಿಗುತ್ತವೆ. ನೇರ ಬಿಸಿಲಿನಲ್ಲಿ ಬೇಡ, ನೆರಳಿನ ಬೆಳಕು ಸಾಕು.

ಗೊಬ್ಬರದಲ್ಲಿ ಎರಡು ಮೂರು ಮಿಲಿಮೀಟರ್ ಉದ್ದದ, ನಿಂಬೆ ಆಕಾರದ, ಮಾಸಲು ಹಳದಿ ಕಾಳು ಸಿಗುತ್ತವೆ. ಅವೇ ಮೊಟ್ಟೆಕೋಶ. ಮರಿ ಹೊರಡುವ ಹೊತ್ತಿಗೆ ಕೆಂಪಗಾಗುತ್ತವೆ. ತಾಳ್ಮೆ ಇದ್ದಷ್ಟು ಹೆಕ್ಕಿ ಹೊಸ ಹಾಸಿಗೆ ಹಾಕಿ. ಹೊಸ ಹಾಸಿಗೆ ಹಳೆಯ ಗೊಬ್ಬರದ ಎರಡು ಹಿಡಿಯೂ ಸೇರಲಿ, ಮೊದಲ ಸಲದ ಹಾಗೆ ಕಾಯುವ ಕೆಲಸ ಇರುವುದಿಲ್ಲ. ಹುಳ ಜಾಸ್ತಿ ಇದ್ದರೆ ಇನ್ನೊಬ್ಬರಿಗೆ ಕೊಡಿ. ಕಾಡಿಗೆ ಬಿಟ್ಟು ಬರಬೇಡಿ, ಆ ಜಾಗದ್ದಲ್ಲದ ಹುಳ ಅಲ್ಲಿ ಹೋಗಬಾರದು.

ಕೆಳಗಿನ ತಟ್ಟೆಯಲ್ಲಿ ಸೇರುವ ಕಂದು ನೀರನ್ನು ಎರೆಜಲ ಅಂತ ಬಾಟಲಿಗೆ ತುಂಬಿಡುವವರಿದ್ದಾರೆ. ಅದು ಕೊಳೆಯುತ್ತಿರುವ ಸಿಪ್ಪೆಯಿಂದ ಸೋರಿದ ನೀರು. ನನ್ನ ಲೆಕ್ಕದಲ್ಲಿ ಅದು ಬಂದರೆ ಡಬ್ಬಕ್ಕೆ ನೀರು ಜಾಸ್ತಿಯಾಗಿದೆ, ಅಷ್ಟೇ. ಗಬ್ಬು ವಾಸನೆ ಇದ್ದರೆ ಚೆಲ್ಲಿಬಿಡಿ. ಇಲ್ಲದಿದ್ದರೆ ಹತ್ತು ಪಾಲು ನೀರು ಬೆರೆಸಿ ಹೂವಿನ ಗಿಡದ ಬುಡಕ್ಕೆ ಹಾಕಿ. ಹಸಿಯಾಗಿ ತಿನ್ನುವ ಸೊಪ್ಪಿನ ಮೇಲೆ ಸಿಂಪಡಿಸಬೇಡಿ.

ತೆಗೆದ ಗೊಬ್ಬರವನ್ನು ಬಿಸಿಲಿಗೆ ಹಾಕಿ ಒಣಗಿಸಬೇಡಿ, ಅದರಲ್ಲಿರುವ ಜೀವ ಹೋಗುತ್ತದೆ. ಸ್ವಲ್ಪ ತೇವ ಇರುವಾಗಲೇ ಬಟ್ಟೆ ಚೀಲದಲ್ಲಿ ತುಂಬಿ ನೆರಳಲ್ಲಿ ಇಡಿ, ಕೆಲವು ತಿಂಗಳಲ್ಲಿ ಬಳಸಿ ಮುಗಿಸಿ. ಕುಂಡದ ಮಣ್ಣಿಗೆ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಬೇಡ, ಬೀಜದ ತಟ್ಟೆಗೆ ಅದಕ್ಕೂ ಕಡಿಮೆ. ಬೆಳೆದ ಗಿಡಕ್ಕೆ ಬುಡದ ಸುತ್ತ ಒಂದು ಹಿಡಿ ಹಾಕಿ, ಮಣ್ಣು ಮುಚ್ಚಿ ನೀರು ಕೊಡಿ. ಈ ಗೊಬ್ಬರ ಕಾಯುವುದಿಲ್ಲವಾದ್ದರಿಂದ ಒಳಗೆ ಹೋದ ಬೀಜಗಳಲ್ಲಿ ಎಷ್ಟೋ ಬದುಕಿಯೇ ಇರುತ್ತವೆ. ಗುಲಾಬಿ ಕುಂಡದಲ್ಲಿ ಟೊಮ್ಯಾಟೊ, ಮೆಣಸಿನಕಾಯಿ, ಕುಂಬಳದ ಸಸಿ ಎದ್ದರೆ ಗಾಬರಿಯಾಗಬೇಡಿ. ಬೇಡದ್ದು ಕಿತ್ತು ಮತ್ತೆ ಡಬ್ಬಕ್ಕೆ ಹಾಕಿ, ಒಂದೆರಡು ಚೆನ್ನಾಗಿರುವುದನ್ನು ಬೇರೆ ಕುಂಡಕ್ಕೆ ನೆಡಿ.